ಗರ್ಭಿಣಿಯ ಬಿಪಿ: ರಕ್ತ ಪರೀಕ್ಷೆ ‘ಇಲ್ಲ’ ಅಂದಾಗಲೇ ಬೆಲೆ ಜಾಸ್ತಿ

ರಾತ್ರಿ ಹತ್ತೂವರೆಗೆ ಫೋನಿಗೆ ಒಂದು ಪಿಡಿಎಫ್ ಬಂತು. ಚಿಕ್ಕಪ್ಪ ಕಳಿಸಿದ್ದು. ಕೆಳಗೆ ಒಂದೇ ಸಾಲು: ‘ರೇಶಿಯೊ 62 ಬಂದದ, ಕೆಂಪು ಅಕ್ಷರದಾಗ ಅದ. ನಾಳೆನೇ ಆಪರೇಷನ್ ಮಾಡಸ್ಬೇಕೇನು?’

ಅವರ ಮಗಳಿಗೆ ಆಗ 31 ವಾರ. ಚೊಚ್ಚಲ ಬಸುರು. ಗಂಡನ ಮನೆ ಶಹಾಪುರದ ಕಡೆ, ಹೆರಿಗೆಗೆ ಅಂತ ಕಲಬುರಗಿಯ ತವರಿಗೆ ಬಂದಿದ್ದಳು. ಇಲ್ಲಿ ತೋರಿಸಿದಾಗ ಬಿಪಿ 142/92, ಮೂತ್ರದಲ್ಲಿ ಪ್ರೋಟೀನ್ ಒಂದು ಪ್ಲಸ್. ಡಾಕ್ಟರು ಪ್ರಿ-ಎಕ್ಲಾಂಪ್ಸಿಯಾ ಅನ್ನುವ ಬಸುರಿನ ಬಿಪಿ ರೋಗದ ಅನುಮಾನಕ್ಕೆ ಒಂದು ಹೊಸ ರಕ್ತ ಪರೀಕ್ಷೆ ಬರೆದರು, ಅದರ ಉತ್ತರವೇ ಈ ರೇಶಿಯೊ. ಸ್ಯಾಂಪಲ್ ಬೇರೆ ಊರಿಗೆ ಹೋಗಿ ಮೂರನೇ ದಿನ ರಿಪೋರ್ಟ್ ಬಂತು. ಡಾಕ್ಟರು ಸಿಗುವುದು ಮರುದಿನ. ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ.

ನಾನು ಡಾಕ್ಟರ್ ಅಲ್ಲ. ಲ್ಯಾಬಿನಲ್ಲಿ ರಕ್ತ ತೆಗೆದು, ಮಷೀನಿಗೆ ಹಾಕಿ, ಬಂದ ನಂಬರನ್ನು ಕಾಗದಕ್ಕೆ ಇಳಿಸುವವನು. ಹಾಗಾಗಿ ನಂಬರ್ ಹೇಗೆ ಹುಟ್ಟುತ್ತದೆ ಅನ್ನುವುದು ಗೊತ್ತು, ಅದು ಮನೆಗೆ ಹೋದ ಮೇಲೆ ಏನೇನು ರಾದ್ಧಾಂತ ಮಾಡುತ್ತದೆ ಅನ್ನುವುದೂ ಗೊತ್ತು. ಈ ಹೊಸ ಪರೀಕ್ಷೆಯ ವಿಷಯದಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ. ಇದು ‘ರೋಗ ಬರುತ್ತದೆ’ ಅಂತ ಹೇಳುವುದರಲ್ಲಿ ಅಷ್ಟೇನೂ ಗಟ್ಟಿಯಲ್ಲ. ‘ಈ ವಾರ ಬರುವುದಿಲ್ಲ’ ಅಂತ ಹೇಳುವುದರಲ್ಲಿ ಬಹಳ ಗಟ್ಟಿ. ಆದರೆ ನಮ್ಮ ಜನ ಕಾಯುವುದು ಮೊದಲನೆಯ ಉತ್ತರಕ್ಕೆ, ಲ್ಯಾಬುಗಳ ಜಾಹೀರಾತೂ ಅದನ್ನೇ ಹೇಳುತ್ತದೆ.

ಮೊದಲು ರೋಗದ ಮಾತು. ನಮ್ಮ ಕಡೆ ಹಳಬರು ಇದನ್ನು ನಂಜು ಅನ್ನುತ್ತಾರೆ. ಕಾಲು ಬಾತು, ಮುಖ ಊದಿ, ಕೊನೆಗೆ ಫಿಟ್ಸ್ ಬಂದರೆ ‘ನಂಜೇರಿತು’ ಅನ್ನುತ್ತಾರೆ. ಡಾಕ್ಟರ್ ಭಾಷೆಯಲ್ಲಿ ಪ್ರಿ-ಎಕ್ಲಾಂಪ್ಸಿಯಾ, ಫಿಟ್ಸ್ ಬಂದರೆ ಎಕ್ಲಾಂಪ್ಸಿಯಾ. 20 ವಾರ ದಾಟಿದ ಮೇಲೆ ಬಿಪಿ 140/90 ಅಥವಾ ಅದಕ್ಕಿಂತ ಮೇಲೆ ಹೋಗಿ, ಜೊತೆಗೆ ಮೂತ್ರದಲ್ಲಿ ಪ್ರೋಟೀನ್ ಸೋರಿದರೆ, ಇಲ್ಲವೇ ಲಿವರ್, ಕಿಡ್ನಿ, ಪ್ಲೇಟ್‌ಲೆಟ್ ಕೆಟ್ಟರೆ ಈ ಹೆಸರು. ಬರೀ ಬಿಪಿ ಏರಿ ಬೇರೆ ಏನೂ ಇಲ್ಲದಿದ್ದರೆ ಅದು ಗರ್ಭಿಣಿಯ ಬಿಪಿ ಅಷ್ಟೇ, ಆದರೆ ಇಂದು ಹಾಗಿದ್ದದ್ದು ಹದಿನೈದು ದಿನದಲ್ಲಿ ಹೀಗಾಗಬಹುದು. 160/110 ಮುಟ್ಟಿದರೆ ತುರ್ತು. ನೂರು ಬಸುರಿಯರಲ್ಲಿ ಎರಡರಿಂದ ಎಂಟು ಮಂದಿಗೆ ಪ್ರಿ-ಎಕ್ಲಾಂಪ್ಸಿಯಾ ಬರುತ್ತದೆ. ಜಗತ್ತಿನ ತಾಯಂದಿರ ಸಾವಿನಲ್ಲಿ ಸುಮಾರು 16% ಬಿಪಿಯಿಂದ ಅಂತ 2025ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಬಸುರು-ಹೆರಿಗೆಯಿಂದಲೇ ನೇರವಾಗಿ ಬರುವ ಕಾರಣಗಳಲ್ಲಿ ರಕ್ತಸ್ರಾವ ಬಿಟ್ಟರೆ ಇದೇ ದೊಡ್ಡದು. 2024ರ ಕೊನೆಗೆ ಬಳ್ಳಾರಿಯಲ್ಲಿ ಬಾಣಂತಿಯರು ಸತ್ತಾಗ ರಾಜ್ಯವೆಲ್ಲ ಸಲೈನ್ ಬಾಟಲಿಯ ಬಗ್ಗೆ ಮಾತಾಡಿತು, ಮಾತಾಡಲೇಬೇಕಿತ್ತು. ಬಿಪಿಯಿಂದ ಒಬ್ಬೊಬ್ಬರಾಗಿ ಬೇರೆ ಬೇರೆ ಊರಲ್ಲಿ ಸಾಯುವವರು ಮಾತ್ರ ಸುದ್ದಿಯಾಗುವುದಿಲ್ಲ.

ಇದರ ಬೇರು ಇರುವುದು ಮಾಸಿನಲ್ಲಿ, ಅಂದರೆ ಪ್ಲಾಸೆಂಟಾದಲ್ಲಿ. ನಾರಾಯಣಪುರ ಎಡದಂಡೆ ಕಾಲುವೆ ನೋಡಿದವರಿಗೆ ಇದು ಬೇಗ ಹತ್ತುತ್ತದೆ. ಬಸುರಿನ ಮೊದಲ ತಿಂಗಳುಗಳಲ್ಲಿ ಮಾಸಿನ ಜೀವಕೋಶಗಳು ಗರ್ಭಕೋಶದ ಸಣ್ಣ ರಕ್ತನಾಳಗಳಿಗೆ ನುಗ್ಗಿ ಅವನ್ನು ಅಗಲ ಮಾಡಬೇಕು. ಸಣ್ಣ ಬದುಗಾಲುವೆ ದೊಡ್ಡ ಕಾಲುವೆ ಆಗಬೇಕು. ಕೆಲವರಲ್ಲಿ ಈ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಮೊದಮೊದಲು ತೊಂದರೆ ಗೊತ್ತಾಗುವುದಿಲ್ಲ, ಕೂಸು ಚಿಕ್ಕದು, ನೀರು ಸಾಲುತ್ತದೆ. ಕೂಸು ದೊಡ್ಡದಾದಂತೆ ಮಾಸು ಕಾಲುವೆಯ ಕೊನೇ ಹೊಲದಂತೆ ಒಣಗುತ್ತದೆ. ಒಣಗಿದ ಮಾಸು ಸುಮ್ನೆ ಕೂರುವುದಿಲ್ಲ. ತಾಯಿಯ ರಕ್ತಕ್ಕೆ ಎಸ್‌ಫ್ಲಿಟ್-1 ಅನ್ನುವ ಒಂದು ಪ್ರೋಟೀನನ್ನು ಜಾಸ್ತಿ ಬಿಡುತ್ತದೆ.

ಈ ಎಸ್‌ಫ್ಲಿಟ್-1ರ ಕೆಲಸ ಹಿಡಿದಿಟ್ಟುಕೊಳ್ಳುವುದು. ರಕ್ತನಾಳದ ಒಳಗೋಡೆ ಆರೋಗ್ಯವಾಗಿರಲು ಎರಡು ವಸ್ತು ಬೇಕು, ಒಂದು ವಿಇಜಿಎಫ್, ಇನ್ನೊಂದು ಮಾಸೇ ತಯಾರಿಸುವ ಪಿಎಲ್‌ಜಿಎಫ್. ಎಸ್‌ಫ್ಲಿಟ್-1 ಇವೆರಡನ್ನೂ ರಕ್ತದಲ್ಲೇ ಹಿಡಿದುಬಿಡುತ್ತದೆ, ಗೋಡೆಗೆ ಸಿಗಗೊಡುವುದಿಲ್ಲ. ಆಗ ನಾಳ ಬಿಗಿಯುತ್ತದೆ, ಬಿಪಿ ಏರುತ್ತದೆ. ಕಿಡ್ನಿಯ ಜರಡಿ ಸಡಿಲಾಗಿ ಪ್ರೋಟೀನ್ ಸೋರುತ್ತದೆ. ಲಿವರ್ ನೋಯುತ್ತದೆ, ಮೆದುಳು ಊದುತ್ತದೆ. ಕ್ಯಾನ್ಸರ್ ಗಡ್ಡೆಗೆ ರಕ್ತ ಸಿಗಬಾರದು ಅಂತ ವಿಇಜಿಎಫ್ ತಡೆಯುವ ಔಷಧ ಕೊಡುತ್ತಾರಲ್ಲ, ಅದನ್ನು ತೆಗೆದುಕೊಂಡವರಿಗೂ ಬಿಪಿ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುವುದುಂಟು. ಅವರು ಗಂಡಸರಾದರೂ ಅಷ್ಟೇ. ಈ ಒಂದು ಸಂಗತಿ ಓದಿದಾಗಲೇ ನನಗೆ ಇಡೀ ಕತೆ ಮನಸ್ಸಿಗೆ ಕೂತಿದ್ದು.

ಇದನ್ನು 2003ರಲ್ಲಿ ತೋರಿಸಿಕೊಟ್ಟವರು ಬಾಸ್ಟನ್‌ನ ಒಂದು ತಂಡ. ಅದರ ಮುಖ್ಯರು ಭಾರತ ಮೂಲದ ಕಿಡ್ನಿ ವೈದ್ಯ ಅನಂತ್ ಕರುಮಂಚಿ. ಬಸುರಿ ಇಲಿಗಳ ಮೈಯಲ್ಲಿ ಎಸ್‌ಫ್ಲಿಟ್-1 ಜಾಸ್ತಿಯಾಗುವಂತೆ ಮಾಡಿದರು, ಅವಕ್ಕೆ ಬಿಪಿ ಏರಿತು, ಮೂತ್ರದಲ್ಲಿ ಪ್ರೋಟೀನ್ ಬಂತು. ಮರುವರ್ಷವೇ ಇನ್ನೊಂದು ಸಂಶೋಧನೆ ಬಂತು: ರೋಗದ ಲಕ್ಷಣ ಕಾಣುವ ಸುಮಾರು ಐದು ವಾರ ಮೊದಲೇ ರಕ್ತದಲ್ಲಿ ಎಸ್‌ಫ್ಲಿಟ್-1 ಏರತೊಡಗುತ್ತದೆ, ಪಿಎಲ್‌ಜಿಎಫ್ ಇಳಿದಿರುತ್ತದೆ. ಒಂದು ಏರುತ್ತದೆ, ಒಂದು ಇಳಿಯುತ್ತದೆ ಅಂದಮೇಲೆ ಒಂದನ್ನು ಇನ್ನೊಂದರಿಂದ ಭಾಗಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ, ಅಲ್ವಾ? ಆ ಭಾಗಾಕಾರವೇ ರೇಶಿಯೊ. ಚಿಕ್ಕಪ್ಪನಿಗೆ ಬಂದ 62 ಅದೇ.

ಈಗ ಆ 62ರ ಅರ್ಥ. 2016ರಲ್ಲಿ 14 ದೇಶಗಳ ಸಾವಿರಕ್ಕೂ ಹೆಚ್ಚು ಬಸುರಿಯರ ಮೇಲೆ ಒಂದು ಅಧ್ಯಯನ ಬಂತು. ಎಲ್ಲರೂ ಅನುಮಾನ ಇದ್ದವರೇ, ಬಿಪಿ ಸ್ವಲ್ಪ ಏರಿದ್ದು, ತಲೆನೋವು, ಬಾವು, ಹೀಗೆ. ರೇಶಿಯೊ 38 ಅಥವಾ ಕಮ್ಮಿ ಇದ್ದವರಲ್ಲಿ 99.3% ಮಂದಿಗೆ ಮುಂದಿನ ಒಂದು ವಾರ ಪ್ರಿ-ಎಕ್ಲಾಂಪ್ಸಿಯಾ ಬರಲಿಲ್ಲ. 38 ದಾಟಿದವರಲ್ಲಿ? ನಾಲ್ಕು ವಾರದೊಳಗೆ ರೋಗ ಬಂದದ್ದು 36.7% ಮಂದಿಗೆ ಮಾತ್ರ. ಅಂದರೆ ಕೆಂಪು ಅಕ್ಷರ ನೋಡಿ ನಿದ್ದೆಗೆಟ್ಟ ಮೂರು ಮನೆಯಲ್ಲಿ ಸುಮಾರು ಎರಡು ಮನೆಯವರಿಗೆ ಆ ತಿಂಗಳು ಏನೂ ಆಗಲಿಲ್ಲ. 34 ವಾರದೊಳಗೆ 85 ದಾಟಿದರೆ, ಆಮೇಲೆ 110 ದಾಟಿದರೆ ಮಾತು ಬೇರೆ, ಅಲ್ಲಿ ಅನುಮಾನ ಬಹಳ ಗಟ್ಟಿಯಾಗುತ್ತದೆ. 62 ಅನ್ನುವುದು ನಡುವಿನ ಜಾಗ. ಹತ್ತಿರದಿಂದ ಕಾಯಿರಿ ಅಂತ ಹೇಳುವ ನಂಬರ್, ಕೊಯ್ಯಿರಿ ಅಂತ ಹೇಳುವ ನಂಬರ್ ಅಲ್ಲ. 31 ವಾರಕ್ಕೆ ಕೂಸನ್ನು ಹೊರಗೆ ತೆಗೆದರೆ ಅದರ ಶ್ವಾಸಕೋಶದ ಗತಿ ಏನು ಅಂತ ಆ ರಾತ್ರಿ ಯಾರೂ ಕೇಳಿರಲಿಲ್ಲ.

ಇನ್ನೊಂದು ಮಾತು, ಲ್ಯಾಬಿನವನಾಗಿ. ಈ 38, 85, 110 ಒಂದು ಕಂಪನಿಯ ಮಷೀನಿಗೆ ಹೊಂದಿಸಿದ ಗೆರೆಗಳು. 2023ರ ಮೇ ತಿಂಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇನ್ನೊಂದು ಕಂಪನಿಯ ಪರೀಕ್ಷೆಗೆ ಒಪ್ಪಿಗೆ ಕೊಟ್ಟಾಗ ಅದರ ಗೆರೆ 40. ಅದೂ ಬಿಪಿಗೆ ಅಂತ ಆಸ್ಪತ್ರೆಗೆ ಸೇರಿದವರಿಗೆ, 23ರಿಂದ 35 ವಾರದೊಳಗೆ ಮಾತ್ರ, ಮುಂದಿನ ಎರಡು ವಾರದಲ್ಲಿ ರೋಗ ತೀವ್ರವಾಗುತ್ತದಾ ಅಂತ ನೋಡಲು. ಬ್ರಿಟನ್‌ನಲ್ಲಿ ಬರೀ ಪಿಎಲ್‌ಜಿಎಫ್ ಅಳೆಯುವ ಪದ್ಧತಿಯೂ ಇದೆ, ಅಲ್ಲಿ 100ಕ್ಕಿಂತ ಕೆಳಗೆ ಇಳಿದರೆ ಎಚ್ಚರ. ಒಂದು ಲ್ಯಾಬಿನ ರಿಪೋರ್ಟನ್ನು ಇನ್ನೊಂದರ ಗೆರೆಗೆ ಹಿಡಿದು ನೋಡುವುದು ತಪ್ಪು. ನೆಟ್ಟಿನಲ್ಲಿ ಹುಡುಕಿ ಹೋಲಿಸುವವರು ಮೊದಲು ಮಾಡುವ ತಪ್ಪು ಇದೇ.

ಬ್ರಿಟನ್‌ನಲ್ಲಿ 2019ರಲ್ಲಿ ಪಿಎಲ್‌ಜಿಎಫ್ ಫಲಿತಾಂಶವನ್ನು ಡಾಕ್ಟರ ಕೈಗೆ ಕೊಟ್ಟು ನೋಡಿದರು. ರೋಗ ಪತ್ತೆಗೆ 4.1 ದಿನ ಹಿಡಿಯುತ್ತಿದ್ದದ್ದು 1.9 ದಿನಕ್ಕೆ ಇಳಿಯಿತು, ತಾಯಂದಿರ ದೊಡ್ಡ ತೊಂದರೆಗಳೂ ಕಮ್ಮಿಯಾದವು. ಐರ್ಲೆಂಡಿನಲ್ಲಿ ಅಂಥದ್ದೇ ಪ್ರಯೋಗ ಮಾಡಿದರೆ ತಾಯಿಗಾಗಲಿ ಮಗುವಿಗಾಗಲಿ ಲಾಭ ಕಾಣಲಿಲ್ಲ. ಎರಡೂ ಕಡೆ ಪರೀಕ್ಷೆ ಒಂದೇ. ನಂಬರ್ ಬಂದ ಮೇಲೆ ಯಾರು ಏನು ಮಾಡುತ್ತಾರೆ ಅನ್ನುವುದರ ಮೇಲೆ ಬಹಳ ನಿಂತಿದೆ ಅಂತ ನನಗನ್ನಿಸುತ್ತದೆ.

ಆ ಲೆಕ್ಕದಲ್ಲಿ ನಮ್ಮ ಮೂರು ಜಿಲ್ಲೆ ನೋಡಿ. ಸರಕಾರಿ ಮೆಡಿಕಲ್ ಕಾಲೇಜು ಅಂತ ಕಲಬುರಗಿಯಲ್ಲಿ ಜಿಮ್ಸ್, ಬೀದರಿನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಇವೆ. ಆದರೆ ಚಿಂಚೋಳಿಯಿಂದ ಕಲಬುರಗಿಗೆ 80 ಕಿಲೋಮೀಟರ್ ದಾಟುತ್ತದೆ. ಜೇವರ್ಗಿಯಿಂದ 40, ಭೀಮೆ ತುಂಬಿ ಹರಿಯುವ ದಿನ ಆ 40 ಕೂಡ ದೂರವೇ. ಅನುಮಾನ ಬಂದ ಕೂಡಲೇ ತಾಲ್ಲೂಕು ಆಸ್ಪತ್ರೆಯವರು ‘ಕಲಬುರಗಿಗೆ ಒಯ್ಯಿರಿ’ ಅನ್ನುತ್ತಾರೆ. ಅವರನ್ನು ಬೈಯಲಾಗದು, ಹೆಚ್ಚುಕಮ್ಮಿಯಾದರೆ ಹೊಣೆ ಅವರದೇ. ಹಾಗೆ ಬಂದ ಬಸುರಿ ಇಲ್ಲಿ ವಾರಗಟ್ಟಲೆ ಮಂಚದಲ್ಲಿ, ಮನೆಯವರು ವರಾಂಡದಲ್ಲಿ. ತೊಗರಿ ರಾಶಿಯ ಹೊತ್ತಾದರೆ ದಿನಗೂಲಿ ಹೋಯಿತು. ನಾಲ್ಕನೇ ದಿನ ‘ಏನೂ ಇಲ್ಲಂತ ಹೇಳ್ಯಾರ’ ಅಂತ ತಾವೇ ಹೇಳಿಕೊಂಡು ಎದ್ದು ಹೋಗುತ್ತಾರೆ. ಇಂಥವರಲ್ಲಿ ಯಾರನ್ನು ಧೈರ್ಯವಾಗಿ ಒಂದು ವಾರ ಮನೆಗೆ ಕಳಿಸಬಹುದು, ಯಾರನ್ನು ಏನೇ ಆದರೂ ಬಿಡಬಾರದು ಅಂತ ಬೇರ್ಪಡಿಸಲು ಆ 99% ಬಹಳ ದೊಡ್ಡ ಸಹಾಯ. ಪಟ್ಟಣದಲ್ಲಿ ಏನೂ ತೊಂದರೆ ಇಲ್ಲದ ಹೆಂಗಸಿಗೆ ಕೆಲವು ಸಾವಿರ ರೂಪಾಯಿಯ ಪ್ಯಾಕೇಜ್ ಅಂತ ಮಾರುವುದಕ್ಕಿಂತ, ಇಲ್ಲಿ ಅನುಮಾನದ ಕೇಸಿಗೆ ಸರಕಾರಿ ಆಸ್ಪತ್ರೆಯಲ್ಲಿ ಅದೇ ದಿನ ಸಿಗುವಂತೆ ಮಾಡುವುದು ಲಕ್ಷ ಪಾಲು ಮೇಲು. ಅದೇ ದಿನ ಅನ್ನುವುದು ಮುಖ್ಯ. ವಾರದ ಭರವಸೆ ಕೊಡುವ ಪರೀಕ್ಷೆಯ ರಿಪೋರ್ಟಿಗೇ ಮೂರು ದಿನ ಹೋದರೆ ಉಳಿದದ್ದು ನಾಲ್ಕು ದಿನ.

ಒಂದು ಎಚ್ಚರಿಕೆ. 38ರ ಗೆರೆಯನ್ನು ಏಷ್ಯಾದಲ್ಲೂ ಪರೀಕ್ಷಿಸಿದ್ದಾರೆ, ಚೀನಾ, ಜಪಾನ್, ಥಾಯ್ಲೆಂಡ್ ಮುಂತಾದ ಕಡೆ, ಅಲ್ಲೂ ‘ಇಲ್ಲ’ ಅನ್ನುವ ಮಾತು 98% ದಾಟಿ ನಿಜವಾಯಿತು. ಆ ಪಟ್ಟಿಯಲ್ಲಿ ಭಾರತ ಇರಲಿಲ್ಲ.

ಹೊಸದು ಬರುವ ತನಕ ಹಳೆಯದನ್ನು ಸರಿಯಾಗಿ ಓದುವುದಕ್ಕೇನು ಧಾಡಿ? ನನ್ನ ಸಿಟ್ಟು ಇರುವುದು ಇಲ್ಲೇ. ತಾಲ್ಲೂಕಿನಲ್ಲೂ ಆಗುವ ಸಿಬಿಸಿಯಲ್ಲಿ, ಅಂದರೆ ರಕ್ತದ ಕಣ ಎಣಿಸುವ ಪರೀಕ್ಷೆಯಲ್ಲಿ, ಪ್ಲೇಟ್‌ಲೆಟ್ ಇರುತ್ತದೆ. 1 ಲಕ್ಷದ ಕೆಳಗೆ ಬಂದರೆ ಗಂಡಾಂತರ ಅಂತ ಎಲ್ಲರಿಗೂ ಗೊತ್ತು. ಆದರೆ 2.6 ಲಕ್ಷ ಇದ್ದದ್ದು ಎರಡು ವಾರದಲ್ಲಿ 1.6 ಆದರೆ? ರಿಪೋರ್ಟಿನಲ್ಲಿ ‘ನಾರ್ಮಲ್’ ಅಂತಲೇ ಅಚ್ಚಾಗುತ್ತದೆ, ಯಾಕೆಂದರೆ ಮಷೀನಿಗೆ ಹಿಂದಿನ ರಿಪೋರ್ಟ್ ಗೊತ್ತಿಲ್ಲ. ಎರಡು ಕಾಗದ ಪಕ್ಕಪಕ್ಕ ಇಟ್ಟವರಿಗಷ್ಟೇ ಇಳಿತ ಕಾಣುತ್ತದೆ. ಲಿವರಿನ ಎಸ್‌ಜಿಒಟಿ, ಎಸ್‌ಜಿಪಿಟಿ ಎರಡು ಪಟ್ಟಾದರೆ, ಕಿಡ್ನಿಯ ಕ್ರಿಯಾಟಿನಿನ್ 1.1 ದಾಟಿದರೆ ಅದು ತೀವ್ರ ರೋಗದ ಗುರುತು. ಬಸುರಿಯಲ್ಲಿ ಕ್ರಿಯಾಟಿನಿನ್ ಮಾಮೂಲಿಗಿಂತ ಕೆಳಗೇ ಇರಬೇಕು, ಹಾಗಾಗಿ ಬೇರೆಯವರಿಗೆ ‘ನಾರ್ಮಲ್’ ಆದ 1.1 ಇವಳಿಗೆ ನಾರ್ಮಲ್ ಅಲ್ಲ. ಕೆಂಪು ಕಣ ಒಡೆದು, ಲಿವರ್ ಕಿಣ್ವ ಏರಿ, ಪ್ಲೇಟ್‌ಲೆಟ್ ಬಿದ್ದರೆ ಅದಕ್ಕೆ ಹೆಲ್ಪ್ ಸಿಂಡ್ರೋಮ್ ಅಂತ ಹೆಸರು. ಹೊಟ್ಟೆಯ ಮೇಲ್ಭಾಗ ನೋಯುತ್ತದೆ, ವಾಂತಿ ಆಗುತ್ತದೆ, ಮನೆಯಲ್ಲಿ ಗ್ಯಾಸ್ ಅಂತ ಸೋಡಾ ಕುಡಿಸುತ್ತಾರೆ. ಯೂರಿಕ್ ಆಸಿಡ್ ಇನ್ನೂ ಬರೆಯುತ್ತಾರೆ, ರೋಗದಲ್ಲಿ ಏರುವುದು ನಿಜ, ಆದರೆ ಮುಂದೆ ಏನಾಗುತ್ತದೆ ಅಂತ ಹೇಳಲು ಅದು ಸಾಲದು.

ಹಿಮೋಗ್ಲೋಬಿನ್ ಮಾತ್ರ ನಮ್ಮ ಕಡೆ ವಿಶೇಷವಾಗಿ ಮೋಸ ಮಾಡುತ್ತದೆ. ದೇಶದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ, 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 52%. ಹಾಗಾಗಿ 9 ಇದ್ದವಳಿಗೆ ಏಳೆಂಟು ವಾರದಲ್ಲಿ ಏಕಾಏಕಿ 12 ಬಂದರೆ ಎಲ್ಲರಿಗೂ ಖುಷಿ, ಮಾತ್ರೆ ಕೆಲಸ ಮಾಡಿತು ಅಂತ. ಮಾಡಿರಲೂಬಹುದು. ಆದರೆ ಪ್ರಿ-ಎಕ್ಲಾಂಪ್ಸಿಯಾದಲ್ಲಿ ನಾಳದಿಂದ ರಕ್ತದ ನೀರು ಹೊರಗೆ ಸೋರಿ, ಉಳಿದ ರಕ್ತ ಮಂದವಾಗುತ್ತದೆ. ಸಾರು ಕುದ್ದು ಗಟ್ಟಿಯಾದರೆ ಬೇಳೆ ಜಾಸ್ತಿಯಾಯಿತು ಅನ್ನುತ್ತೀರಾ? ಬಾವು, ಬಿಪಿ ಜೊತೆಗೆ ಹಿಮೋಗ್ಲೋಬಿನ್ ಏರಿದರೆ ಅದು ಖುಷಿಯ ವಿಷಯ ಆಗಿರಬೇಕಿಲ್ಲ.

ಇದಕ್ಕೂ ಮೊದಲಿನದು ಬಿಪಿ ಅಳೆಯುವುದು. ಕಾಸಿನ ಖರ್ಚಿಲ್ಲ, ಆದರೂ ಸರಿಯಾಗಿ ಆಗುವುದು ಅಪರೂಪ. ಬಿಸಿಲಲ್ಲಿ ಬಸ್ಸಿಳಿದು ಏದುಸಿರು ಬಿಡುತ್ತಾ ಬಂದವಳ ತೋಳಿಗೆ ಸೀರೆಯ ರವಿಕೆ ಮೇಲೇ ಪಟ್ಟಿ ಸುತ್ತುತ್ತಾರೆ. ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ತೋಳು ಎದೆಯ ಮಟ್ಟಕ್ಕೆ ಇಟ್ಟು ಅಳೆಯಬೇಕು. ಕೆಲವು ಡಿಜಿಟಲ್ ಮಷೀನುಗಳು ಇದೇ ರೋಗದಲ್ಲಿ ನಿಜಕ್ಕಿಂತ ಕಮ್ಮಿ ತೋರಿಸುತ್ತವೆ, ಬಸುರಿಯರ ಮೇಲೆ ಪರೀಕ್ಷೆಯಾದ ಮಷೀನೇ ಬೇಕು. ಜಾಸ್ತಿ ಬಂದಾಗ ಎಲ್ಲರೂ ಮತ್ತೊಮ್ಮೆ ನೋಡುತ್ತಾರೆ, ಕಮ್ಮಿ ಬಂದಾಗ ಯಾರು ನೋಡುತ್ತಾರೆ?

ಮೂರನೇ ತಿಂಗಳಲ್ಲೇ ಅಪಾಯ ಅಳೆಯುವ ದಾರಿಯೂ ಇದೆ. ಡಬಲ್ ಮಾರ್ಕರ್ ಅಂತ 11ರಿಂದ 13 ವಾರದಲ್ಲಿ ಮಾಡಿಸುತ್ತಾರಲ್ಲ, ಅದೇ ರಕ್ತದಲ್ಲಿ ಪಿಎಲ್‌ಜಿಎಫ್ ಕೂಡ ನೋಡಬಹುದು. ಅದಕ್ಕೆ ತಾಯಿಯ ವಯಸ್ಸು, ತೂಕ, ಹಿಂದಿನ ಬಸುರಿನ ಕತೆ, ಬಿಪಿ, ಗರ್ಭಕೋಶದ ರಕ್ತನಾಳದ ಡಾಪ್ಲರ್ ಸ್ಕ್ಯಾನ್ ಸೇರಿಸಿ ಲೆಕ್ಕ ಹಾಕುತ್ತಾರೆ. ಇದರ ಲಾಭ ಅಂದರೆ ಕೈಯಲ್ಲಿ ಮದ್ದು ಇರುವುದು. 2017ರ ಒಂದು ಅಧ್ಯಯನದಲ್ಲಿ ಹೀಗೆ ಅಪಾಯ ಕಂಡವರಿಗೆ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟರು, 37 ವಾರದೊಳಗೆ ಬರುವ ಪ್ರಿ-ಎಕ್ಲಾಂಪ್ಸಿಯಾ 4.3%ರಿಂದ 1.6%ಗೆ ಇಳಿಯಿತು. 16 ವಾರದೊಳಗೆ ಶುರು ಮಾಡಿದರೆ ಒಳ್ಳೆಯದು, ಡಾಕ್ಟರ್ ಬರೆದರೆ ಮಾತ್ರ. ರಕ್ತ ಪರೀಕ್ಷೆ ಇಲ್ಲದಿದ್ದರೂ ಯಾರಿಗೆ ಬೇಕು ಅಂತ ಕೇಳಿಯೇ ತಿಳಿಯಬಹುದು: ಹಿಂದಿನ ಬಸುರಿನಲ್ಲಿ ಬಂದಿತ್ತಾ, ಅವಳಿಯಾ, ಮೊದಲೇ ಬಿಪಿ, ಸಕ್ಕರೆ, ಕಿಡ್ನಿ ತೊಂದರೆ ಇತ್ತಾ. ಕ್ಯಾಲ್ಸಿಯಂ ಮಾತ್ರೆಯಂತೂ ಸರಕಾರ ಪುಕ್ಕಟೆ ಕೊಡುತ್ತದೆ. 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೆಂಗಳೂರಿನ 11,000 ಬಸುರಿಯರ ಮೇಲೆ ನೋಡಿದರು, ದಿನಕ್ಕೆ 500 ಮಿಲಿಗ್ರಾಂ ಕೊಟ್ಟರೂ 1500ರಷ್ಟೇ ಕೆಲಸ ಮಾಡಿತು. ಆ ಮಾತ್ರೆ ನಮ್ಮ ಎಷ್ಟೋ ಮನೆಗಳಲ್ಲಿ ಮಾಡದೊಳಗೆ ದೇವರ ಫೋಟೋ ಹಿಂದೆ ಇರುತ್ತದೆ. ಉಪ್ಪು ಬಿಡಿಸುವುದನ್ನು ಮಾತ್ರ ಎಲ್ಲರೂ ಶ್ರದ್ಧೆಯಿಂದ ಮಾಡುತ್ತಾರೆ, ಅದರಿಂದ ಈ ರೋಗ ತಪ್ಪುವುದಿಲ್ಲ.

ಇನ್ನು ತಾಯಿ ಕಾರ್ಡ್. ಮೊದಲ ಆರು ತಿಂಗಳು ಗಂಡನ ಊರು, ಆಮೇಲೆ ತವರು. ನಡುವೆ ಗುಳೆ ಹೋದರೆ ಹೈದರಾಬಾದ್ ಅಥವಾ ಪುಣೆ. ಒಂದು ಬಸುರನ್ನು ಮೂರು ಕಡೆ ಮೂರು ಜನ ನೋಡುತ್ತಾರೆ, ಯಾರಿಗೂ ಇಡೀ ಕತೆ ಗೊತ್ತಿಲ್ಲ. ನನ್ನ ತಂಗಿಯ ಕಾರ್ಡಿನಲ್ಲಿ 12 ವಾರದ ಬಿಪಿ 104/66 ಅಂತ ಇತ್ತು. ಅದು ಗೊತ್ತಿದ್ದರೆ 142/92 ಎಷ್ಟು ದೊಡ್ಡ ಜಿಗಿತ ಅಂತ ತಿಳಿಯುತ್ತದೆ. ಕಾರ್ಡ್ ಶಹಾಪುರದಲ್ಲೇ ಬಿಟ್ಟು ಬಂದಿದ್ದಳು, ಫೋಟೋ ತೆಗೆಸಿ ತರಿಸಬೇಕಾಯಿತು. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಆಶಾ, ಎಎನ್‌ಎಂಗಳು ಮನೆಗೇ ಹೋಗಿ ಬಿಪಿ ನೋಡುವ ದೊಡ್ಡ ಪ್ರಯೋಗವೇ ನಡೆದಿತ್ತು. ಇಂಡಿಯಾ, ಪಾಕಿಸ್ತಾನ, ಮೊಜಾಂಬಿಕ್ ಸೇರಿಸಿದ ಫಲಿತಾಂಶ 2020ರಲ್ಲಿ ಬಂದಾಗ ಒಟ್ಟಾರೆ ಸಾವು-ನೋವು ಇಳಿದಿರಲಿಲ್ಲ. ಆದರೆ ಎಂಟು ಅಥವಾ ಹೆಚ್ಚು ಸಲ ಭೇಟಿ ಸಿಕ್ಕ ಹೆಂಗಸರ ಸ್ಥಿತಿ ಉತ್ತಮವಿತ್ತು. ಒಂದೆರಡು ಸಲ ನೋಡಿದರೆ ಸಾಲದು ಅಂತ ನಾನು ಅರ್ಥ ಮಾಡಿಕೊಂಡೆ.

ಮತ್ತೆ ಫಿಟ್ಸ್ ಬಂದರೆ ಯಾವ ರಕ್ತ ಪರೀಕ್ಷೆಯೂ ಬೇಡ. ಮೆಗ್ನೀಷಿಯಂ ಸಲ್ಫೇಟ್ ಬೇಕು. 2002ರಲ್ಲಿ ಪ್ರಿ-ಎಕ್ಲಾಂಪ್ಸಿಯಾ ಇದ್ದ 10,000 ಹೆಂಗಸರ ಮೇಲೆ ನೋಡಿದಾಗ ಅದು ಫಿಟ್ಸ್ ಬರುವ ಅಪಾಯವನ್ನು ಅರ್ಧಕ್ಕಿಂತ ಹೆಚ್ಚು ಇಳಿಸಿತ್ತು. ಎರಡೂ ಕುಂಡೆಗೆ ಐದೈದು ಗ್ರಾಂ ಇಂಜೆಕ್ಷನ್ ಕೊಟ್ಟು ಆಮೇಲೆ 108 ಹತ್ತಿಸಿದರೆ ದಾರಿ ಸಾಗುತ್ತದೆ, ಕೊಡದೆ ಹತ್ತಿಸಿದರೆ ದೇವರೇ ಗತಿ.

ತಂಗಿಯ ಮಾತಿಗೆ ಬರೋಣ. ಮರುದಿನ ಡಾಕ್ಟರು ರಿಪೋರ್ಟ್ ನೋಡಿ ಆಪರೇಷನ್ ಅನ್ನಲಿಲ್ಲ. ಬಿಪಿ ಇಳಿಸುವ ಲ್ಯಾಬೆಟಲಾಲ್ ಮಾತ್ರೆ ಕೊಟ್ಟರು, ವಾರಕ್ಕೆರಡು ಸಲ ಬಿಪಿ, ವಾರಕ್ಕೊಮ್ಮೆ ಸಿಬಿಸಿ ಮತ್ತು ಲಿವರ್ ಅಂದರು. ಚಿಕ್ಕಮ್ಮ ಒಂದು ನೋಟ್‌ಬುಕ್ಕಿನಲ್ಲಿ ಎಲ್ಲ ಬರೆದಿಟ್ಟರು, ಹಾಲಿನ ಲೆಕ್ಕದ ಪಕ್ಕದಲ್ಲೇ. 36ನೇ ವಾರಕ್ಕೆ ಪ್ಲೇಟ್‌ಲೆಟ್ 2.1 ಲಕ್ಷದಿಂದ 1.4ಕ್ಕೆ ಇಳಿಯಿತು. 37 ತುಂಬುತ್ತಲೇ ಹೆರಿಗೆ ಮಾಡಿಸಿದರು. ಹೆಣ್ಣು ಕೂಸು, ಎರಡು ಕೆಜಿ ಮುನ್ನೂರು ಗ್ರಾಂ.

ಇಲ್ಲಿಗೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡರು. ಹೆರಿಗೆಯ ನಂತರ ಮೂರರಿಂದ ಆರನೇ ದಿನದ ಹೊತ್ತಿಗೆ ಬಿಪಿ ಮತ್ತೆ ಏರುವುದುಂಟು, ಫಿಟ್ಸ್ ಆಗಲೂ ಬರಬಹುದು. ಅಷ್ಟರಲ್ಲಿ ಬಾಣಂತಿ ಮನೆಗೆ ಬಂದು, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊರಸಿನ ಕೆಳಗೆ ಕೆಂಡ. ಐದನೇ ದಿನ ಇವಳಿಗೆ ತಲೆ ಸಿಡಿಯತೊಡಗಿತು. ಅಜ್ಜಿ ‘ತಂಡಿ ಹತ್ಯದ, ಇನ್ನೊಂದು ಬಟ್ಟಿ ಕಟ್ಟ್ರಿ’ ಅಂದಳು. ಚಿಕ್ಕಮ್ಮ ಬಟ್ಟೆ ಕಟ್ಟಿದರು, ಆಮೇಲೆ ಬಿಪಿ ಮಷೀನನ್ನೂ ಕಟ್ಟಿದರು. 158/104. ಆ ನಂಬರನ್ನೂ ನೋಟ್‌ಬುಕ್ಕಿನಲ್ಲಿ ಬರೆದು, ಆಟೋ ಕರೆಸಿದರು.